ಕೈ ತೋರ್ಸ್ರಿ

ನಮ್ಮ ದಾವಣಗೆರೆ ಲ್ಯಾಬಿನ ಹಿರಿಯ ಸಂಶೋಧಕಿ ದಿನಾ ಹರಿಹರದಿಂದ ಬಸ್ಸಿಗೆ ಬರುತ್ತಿದ್ದರು. ಟೈಫಾಯ್ಡ್ ಬ್ಯಾಕ್ಟೀರಿಯಾಗಳಿಗೆ ಹೊಳೆಯುವ ಸಕ್ಕರೆ ಉಣಿಸಿ, ಅವು ಎಷ್ಟು ಹೀರಿಕೊಂಡವೆಂದು ಆ ಹೊಳಪಿನಿಂದಲೇ ಅಳೆಯುವುದು ಅವರ ಕೆಲಸ. ಸಂಜೆ ಹೊರಡುವ ಮುನ್ನ ಲೈಟು ಆರಿಸಿ, ನೀಲಿ ದೀಪ ಹಿಡಿದು, "ಕೈ ತೋರ್ಸ್ರಿ" ಎನ್ನುತ್ತಿದ್ದರು. ಸಕ್ಕರೆ ತಾಗಿದ್ದರೆ ಹಸಿರು ಹೊಳೆಯುತ್ತದೆ. ಅದರ ಜೊತೆ ಬ್ಯಾಕ್ಟೀರಿಯಾವೂ ತಾಗಿರಬಹುದು. ನನಗದು ಅತಿಯೆನಿಸುತ್ತಿತ್ತು.

ಒಂದು ಸಂಜೆ ನನ್ನ ಕೈ ಚೊಕ್ಕವಾಗಿತ್ತು. ಅವರದೇ ಹೆಬ್ಬೆರಳಿನ ಉಗುರು ಹೊಳೆಯಿತು. ಅವರು ದೀಪವನ್ನು ಮೆಲ್ಲಗೆ ಬಾಗಿಲ ಹಿಡಿಕೆಗೆ, ಹೊರಗೆ ನೇತುಹಾಕಿದ್ದ ತಮ್ಮ ಬ್ಯಾಗಿಗೆ, ಅದರೊಳಗಿನ ಊಟದ ಡಬ್ಬಿಗೆ ಹಿಡಿದರು. ಮುಚ್ಚಳದ ಅಂಚಿನಲ್ಲಿ ಹಸಿರು ಗೆರೆಯಿತ್ತು.

"ಮಧ್ಯಾಹ್ನ ನಿಮಗೂ ಇದರಾಗಿಂದನ ಮಂಡಕ್ಕಿ ಕೊಟ್ಟಿದ್ನಲ್ರಿ," ಎನ್ನುತ್ತಾ ದೀಪವನ್ನು ನನ್ನ ಮುಖಕ್ಕೆ ತಿರುಗಿಸಿದರು.

"ಬಾಯಿ ತೋರ್ಸ್ರಿ."