ಎಂಬತ್ತೆರಡು ಸಾವಿರ ಬತ್ತಿ

ವಡಾಲದ ನಮ್ಮ ಚಾಳಿನಲ್ಲಿ ನನ್ನ ಪಕ್ಕದ ಒಂದೇ ಕೋಣೆಯ ಖೋಲಿ ವಸಂತಿಯದು. ನಾನು ಶಿವಕುಮಾರಿ, ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದವಳು. ದೇವರ ಮೇಲೆ ನನಗೆ ಅಂಥ ನಂಬಿಕೆಯೇನಿಲ್ಲ. ನಾಲಿಗೆಯೂ ಸ್ವಲ್ಪ ಹರಿತ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಆದದ್ದರಲ್ಲಿ ನನ್ನ ನಾಲಿಗೆಯ ಪಾಲೂ ಇದೆ.

ವಸಂತಿಯ ಗಂಡ ಶೇಖರಣ್ಣ ಉಡುಪಿ ಕಡೆಯವರು. ಸಯನ್‌ನ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತೇ ಮೂವತ್ತೈದು ವರ್ಷ ಕಳೆದರು. ಆ ಹೊಗೆಯೋ, ಸೇದಿದ ಬೀಡಿಯೋ, ಅರವತ್ತು ತುಂಬುವಷ್ಟರಲ್ಲಿ ಉಸಿರು ಕೈಕೊಟ್ಟಿತು. ನಾಲ್ಕು ಮೆಟ್ಟಿಲು ಹತ್ತಿದರೆ ಕೂರಬೇಕು, ನಾಲ್ಕು ಮಾತಾಡಿದರೆ ನಿಲ್ಲಿಸಬೇಕು. ಮಕ್ಕಳಿಲ್ಲದ ಮನೆ. ಮಾತ್ರೆ, ಬಾಯಿಗಿಟ್ಟು ಎಳೆಯುವ ಔಷಧದ ಪಂಪು ಎಲ್ಲ ಆದಮೇಲೆ ವಸಂತಿ ಲಕ್ಷಬತ್ತಿಯ ಹರಕೆ ಹೊತ್ತಳು. ಕೈಯಾರೆ ಒಂದು ಲಕ್ಷ ಬತ್ತಿ ಹೊಸೆದು ದೇವರ ಮುಂದೆ ತುಪ್ಪದಲ್ಲಿ ಹಚ್ಚಿದರೆ ಗಂಡನ ಉಸಿರು ಉಳಿಯುತ್ತದೆ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು.

ಅಂಗಡಿಯ ಬತ್ತಿ ಇದಕ್ಕೆ ನಡೆಯುವುದಿಲ್ಲವಂತೆ. ಬೀಜವಿರುವ ಹತ್ತಿಯನ್ನೇ ತಂದು, ಬಿಡಿಸಿ, ಕಸ ತೆಗೆದು, ಎಳೆದು ಹೊಸೆಯಬೇಕು. ಗಂಡನನ್ನು ಬಿಟ್ಟು ಅವಳು ಹೊರಡುವಂತಿರಲಿಲ್ಲ, ಹಾಗಾಗಿ ಪ್ರತಿ ಶನಿವಾರ ಮಾಟುಂಗದಿಂದ ಹತ್ತಿ ತಂದುಕೊಡುತ್ತಿದ್ದವಳು ನಾನೇ. ನಿನ್ನ ದೇವರಿಗೆ ನಾನು ಬಿಟ್ಟಿ ಹಮಾಲಿ ಎಂದು ಗೊಣಗುತ್ತಲೇ ಚೀಲ ಇಳಿಸುತ್ತಿದ್ದೆ. ಅವಳು ನಕ್ಕು ಚಹಾಕ್ಕೆ ನೀರಿಡುತ್ತಿದ್ದಳು.

ಅವಳು ಬತ್ತಿ ಹೊಸೆಯುವ ಕ್ರಮವನ್ನು ಹೇಳಬೇಕು. ಉಸಿರು ಒಳಗೆ ಎಳೆದುಕೊಳ್ಳುತ್ತ ಹತ್ತಿಯನ್ನು ಎಳೆಯುವಳು, ‘ಕೃಷ್ಣ’. ಉಸಿರು ಬಿಡುತ್ತ ಅಂಗೈಯಲ್ಲಿ ಹೊಸೆಯುವಳು, ‘ಕೃಷ್ಣ’. ಅಷ್ಟೇ. ಬೇರೆ ಮಂತ್ರ ಸ್ತೋತ್ರ ಯಾವುದೂ ಬೇಡ, ಕೈಯೂ ಉಸಿರೂ ಒಟ್ಟಿಗಿದ್ದರೆ ಸಾಕು ಎಂದು ಅವಳ ಅಜ್ಜಿ ಕಲಿಸಿದ್ದರಂತೆ. ದಿನಕ್ಕೆ ಮುನ್ನೂರು ಬತ್ತಿ ಆಗುತ್ತಿತ್ತು. ಮಂಚದ ಮೇಲೆ ಒರಗಿದ ಶೇಖರಣ್ಣ ಕಣ್ಣು ಮುಚ್ಚಿ ಕೇಳುತ್ತ, ಅವಳ ಒಂದು ಕೃಷ್ಣನ ಜೊತೆ ಉಸಿರೆಳೆದು ಇನ್ನೊಂದರ ಜೊತೆ ಬಿಡುತ್ತಿದ್ದರು. ಏದುಸಿರು ಮೆಲ್ಲಗೆ ಹದಕ್ಕೆ ಬರುತ್ತಿತ್ತು. ದೇವರನ್ನು ನಂಬದ ನಾನೇ ಇದನ್ನು ಕಣ್ಣಾರೆ ಕಂಡಿದ್ದೇನೆ.

ಆದರೆ ಕೆಮ್ಮು ತಿಂಗಳಿಂದ ತಿಂಗಳಿಗೆ ಹೆಚ್ಚಿತು. ಎದುರಿಗೆ ದೊಡ್ಡ ಬಿಲ್ಡಿಂಗ್ ಏಳುತ್ತಿತ್ತು. ಸಿಮೆಂಟಿನ ಧೂಳು ಬರಬಾರದೆಂದು ವಸಂತಿ ಕಿಟಕಿ ತೆರೆಯುತ್ತಲೇ ಇರಲಿಲ್ಲ. ಫ್ಯಾನಿನ ರೆಕ್ಕೆಯ ಮೇಲೆ, ದೇವರ ಪಟದ ಮೇಲೆ, ಶೇಖರಣ್ಣನ ಹೊದಿಕೆಯ ಮೇಲೆ ಹತ್ತಿಯ ನವಿರು ಕೂತಿರುತ್ತಿತ್ತು. ನಾವಿಬ್ಬರೂ ಅದನ್ನು ದಿನಾ ನೋಡುತ್ತಿದ್ದೆವು. ನಮ್ಮ ತಲೆಗೆ ಏನೂ ಹೊಳೆಯಲಿಲ್ಲ.

ಜನವರಿಯಲ್ಲಿ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ನಾಲ್ಕೇ ದಿನಕ್ಕೆ ಎಷ್ಟೋ ಸುಧಾರಿಸಿದರು. ವಾರ್ಡಿನ ಹುಡುಗಿ ಡಾಕ್ಟರು ವಸಂತಿಯ ಸೆರಗಿಗೆ ಅಂಟಿದ್ದ ಹತ್ತಿ ಕಂಡು, ಇದೆಲ್ಲಿಂದ ಬಂತೆಂದು ನನ್ನನ್ನು ಹಿಂದಿಯಲ್ಲಿ ಕೇಳಿದಳು. ಹೇಳಿದೆ. ಮುಚ್ಚಿದ ಕೋಣೆಯಲ್ಲಿ ಇಂಥ ಎದೆಯವರ ಪಕ್ಕ ಹತ್ತಿ ಬಿಡಿಸುವುದೆಂದರೆ ವಿಷ ಹಾಕಿದಂತೆ ಎಂದಳು. ಆ ಹತ್ತಿ ಹೊತ್ತು ತಂದವಳು ನಾನಲ್ಲವೇ?

ಡಿಸ್ಚಾರ್ಜ್ ಕಾಗದಕ್ಕೆ ಕಾಯುತ್ತ ಕೂತಿದ್ದಾಗ ವಸಂತಿಯ ಮುಖ ಬೆಳಗಿತ್ತು. “ಎಂಬತ್ತೆರಡು ಸಾವಿರ ಆಯ್ತಲ್ಲ ಟೀಚರ್, ಅದಕ್ಕೇ ಇವರು ಹುಷಾರಾದದ್ದು” ಎಂದಳು.

ಮೆಲ್ಲಗೆ ಹೇಳಬಹುದಿತ್ತು. ನನ್ನ ಮೇಲಿನ ಸಿಟ್ಟನ್ನು ಅವಳ ಮೇಲೆ ಹಾಕಿದೆ. “ಹತ್ತಿ ಇಲ್ಲದ ಕಡೆ ನಾಲ್ಕು ದಿನ ಮಲಗಿದ್ದಕ್ಕೆ ಹುಷಾರಾದದ್ದು. ನಿನ್ನ ಬತ್ತಿಯೇ ಅವರ ಉಸಿರು ತಿಂದದ್ದು, ವಸಂತಿ.”

ಅವಳು ಮನೆಗೆ ಬಂದವಳೇ ಒದ್ದೆ ಬಟ್ಟೆ ಹಿಡಿದು ಗೋಡೆ, ಫ್ಯಾನು, ಪಟ ಎಲ್ಲ ಒರೆಸಿದಳು. ಹೊಸೆದ ಬತ್ತಿಯ ಕಟ್ಟುಗಳನ್ನು ಟ್ರಂಕಿಗೆ ತುಂಬಿ ಬೀಗ ಹಾಕಿದಳು. ಅವತ್ತಿನಿಂದ ಕೃಷ್ಣನ ಹೆಸರೂ ಅವಳ ಬಾಯಿಂದ ಹೊರಡಲಿಲ್ಲ.

ಕೋಣೆ ಚೊಕ್ಕಟವಾಯಿತು, ಕೆಮ್ಮೂ ತಗ್ಗಿತು. ಆದರೆ ಆ ಎದೆ ಅಷ್ಟರಲ್ಲಿ ಸೋತುಹೋಗಿತ್ತು, ಏದುಸಿರು ಹದಕ್ಕೆ ಬರುತ್ತಿರಲಿಲ್ಲ. ಒಂದು ದಿನ ವಸಂತಿ ನೀರು ಹಿಡಿಯಲು ಹೋದಾಗ ಶೇಖರಣ್ಣ ನನ್ನನ್ನು ಹತ್ತಿರ ಕರೆದರು. ತಡೆತಡೆದು ಹೇಳಿದರು:

“ನನಗೆ ಗೊತ್ತಿತ್ತು ಟೀಚರ್. ಅವಳು ಹತ್ತಿ ಬಿಡಿಸುವಾಗೆಲ್ಲ ಕೆಮ್ಮು ಬರ್ತಿತ್ತು. ಆದರೆ ಅವಳು ಹೆಸರು ಹೇಳ್ತಾ ಇದ್ರೆ ಉಸಿರು ಎಳೀಲಿಕ್ಕೆ ಸುಲಭ ಆಗ್ತಿತ್ತು. ಹತ್ತಿ ನಿಲ್ಲಿಸು ಅಂದ್ರೆ ಅದೂ ನಿಲ್ತದೆ ಅಂತ ಹೆದರಿ ಸುಮ್ಮನಿದ್ದೆ. ಹತ್ತಿ ಬೇಡ. ಹೆಸರು ಮಾತ್ರ ಹೇಳ್ಲಿಕ್ಕೆ ಹೇಳಿ ಅವಳಿಗೆ.”

ಹೇಳಿದೆ. ಬೇಡಿಕೊಂಡೆ ಎಂದರೂ ಸರಿಯೇ. ಅವಳು ತಲೆ ತಗ್ಗಿಸಿಯೇ ಉತ್ತರ ಕೊಟ್ಟಳು. “ಆ ಹೆಸರು ಹೇಳಿ ಹೇಳಿಯೇ ಅಲ್ವಾ ಟೀಚರ್, ನಾನು ಇವರ ಉಸಿರು ಕಟ್ಟಿಸಿದ್ದು? ಬಾಯಿಗೆ ಬರುವುದಿಲ್ಲ.” ನನ್ನ ಮಾತೇ ತಿರುಗಿ ಬಂದು ನನಗೆ ಹೊಡೆಯಿತು.

ಹೋಳಿಯ ಮರುದಿನ ಮಧ್ಯಾಹ್ನ ಶೇಖರಣ್ಣನ ಉಸಿರು ಅಂಕೆ ತಪ್ಪಿತು. ನಾನು ಅಂಬ್ಯುಲೆನ್ಸಿಗೆ ಫೋನು ಮಾಡಿ ಒಳಗೆ ಬರುವಷ್ಟರಲ್ಲಿ ವಸಂತಿ ಮಂಚದ ಮೇಲೆ ಕೂತು ಅವರ ತೋರುಬೆರಳನ್ನು ತನ್ನ ಅಂಗೈಯಲ್ಲಿ ತೆಗೆದುಕೊಂಡಿದ್ದಳು. ಬತ್ತಿ ಹೊಸೆದಂತೆ ಅದನ್ನು ಮೆಲ್ಲಗೆ ಹೊಸೆಯುತ್ತ, ಕೃಷ್ಣ ಎಂದಳು. ಶೇಖರಣ್ಣ ಕಣ್ಣು ಮುಚ್ಚಿ ಉಸಿರೆಳೆದರು. ಕೃಷ್ಣ ಎಂದಳು, ಬಿಟ್ಟರು. ಅರ್ಧ ಗಂಟೆ ಹೀಗೇ ನಡೆಯಿತು. ಆಮೇಲೆ ಅವಳೊಬ್ಬಳೇ ಹೇಳುತ್ತಿದ್ದಳು. ನಿಲ್ಲಿಸು ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಹದಿಮೂರನೆಯ ದಿನ ಕಳೆದ ಮೇಲೆ ಮಲಾಡ್‌ನಿಂದ ಬಂದಿದ್ದ ಶೇಖರಣ್ಣನ ತಮ್ಮನ ಮಗ ಸಂದೀಪ ಟ್ರಂಕನ್ನು ಕೆಳಗಿಳಿಸಿದ. ಉಳಿದ ಹದಿನೆಂಟು ಸಾವಿರ ಬತ್ತಿಯನ್ನು ಅಂಗಡಿಯಿಂದ ತಂದು, ದೇವಸ್ಥಾನದಲ್ಲಿ ದೊಡ್ಡಪ್ಪನ ಹೆಸರಿನಲ್ಲಿ ಎಲ್ಲವನ್ನೂ ಹಚ್ಚಿಸೋಣ ಎಂದ. ನಾನೂ ಹೌದೆಂದೆ. ಅವಳ ಅಷ್ಟು ದಿನದ ದುಡಿಮೆ ಎಲ್ಲಾದರೂ ಮುಟ್ಟಲಿ ಎನ್ನಿಸಿತ್ತು.

ವಸಂತಿ ಟ್ರಂಕಿನ ಮೇಲೆ ಎರಡೂ ಕೈಯಿಟ್ಟಳು. ಸುತ್ತಿಟ್ಟ ಹಾಸಿಗೆಯ ಕಡೆ ಒಮ್ಮೆ ನೋಡಿದಳು.

“ಬೇಡ ಸಂದೀಪ” ಎಂದಳು. “ಅಷ್ಟು ಬತ್ತಿ ಹಚ್ಚಿದರೆ ಹೊಗೆ ಏಳ್ತದೆ. ಇವರಿಗೆ ಹೊಗೆ ಆಗುವುದಿಲ್ಲ.”