ಚಂದನಾಳ ಎಡಗಣ್ಣು

ಚಂದನಾ, ನಿನ್ನ ಎಡಗಣ್ಣು ಹುಟ್ಟಿನಿಂದ ಮಂದವಲ್ಲ. ಅದನ್ನು ಹಾಗೆ ಮಾಡಿದವಳು ನಾನು — ನಿನ್ನ ಅಜ್ಜಿ. ನಿನ್ನೆ ಗೆದ್ದ ಕಪ್ಪನ್ನು ತಂದು ನನ್ನ ಮಡಿಲಿಗೆ ಹಾಕಿದೆಯಲ್ಲ, ಆಗಿನಿಂದ ಈ ಮಾತು ಗಂಟಲಲ್ಲಿ ನಿಲ್ಲುತ್ತಿಲ್ಲ.

ತೊಂಬತ್ತೆಂಟರಲ್ಲಿ ನಿನ್ನ ಅಮ್ಮ ಗಿರಿಜೆಗೆ ಬಿ.ಪಿ. ಏರಿ, ತಿಂಗಳು ತುಂಬುವ ಎಷ್ಟೋ ಮೊದಲೇ ನೀನು ಹುಟ್ಟಿದೆ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಿಂದ ನಿನ್ನನ್ನು ಮನೆಗೆ ಕಳಿಸಿದ ದಿನ ಗಿರಿಜೆ ಇನ್ನೂ ಏಳಲಾರದೆ ಮಲಗಿದ್ದಳು. ಆದ್ದರಿಂದ ಆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನೊಬ್ಬಳನ್ನೇ ಕರೆದು ಹೇಳಿದರು:

"ಅಮ್ಮ, ತಿಂಗಳು ತುಂಬಿದ ಮಕ್ಕಳಿಗೆ ಕಣ್ಣಿನ ಹಿಂದಿನ ಪರದೆಗೆ ರಕ್ತನಾಳ ಹೊಟ್ಟೇಲೇ ಬೆಳ್ಕೊಂಡಿರುತ್ತೆ. ಈ ಮಗೂಗೆ ಅದು ಹೊರಗೆ ಬೆಳೀಬೇಕು. ದಾರಿ ತಪ್ಪಿ ಬೆಳೆದ್ರೆ ಪರದೇನೇ ಕಿತ್ತು ಬರುತ್ತೆ. ಬರೋ ವಾರ ತಪ್ಪದೆ ಕಣ್ಣು ತೋರ್ಸಿ."

ತಲೆಯಾಡಿಸಿದೆ. ಒಳಗೇ ನಕ್ಕೆ. ನಾಲ್ಕು ಹೆತ್ತವಳಿಗೆ, ಬೀದಿಯ ಅರ್ಧ ಕೂಸುಗಳಿಗೆ ನೀರೆರೆದವಳಿಗೆ ಈ ಹುಡುಗಿ ಪಾಠ ಹೇಳುವುದೇ? ಬಾಣಂತಿ ಕೋಣೆಯ ಮಗು ಮೂರು ತಿಂಗಳು ಹೊಸಿಲು ದಾಟಬಾರದು. ಹೊನಗೊನೆ ಸೊಪ್ಪಿನ ರಸದಲ್ಲಿ ಅದ್ದಿ ಒಣಗಿಸಿದ ಬಟ್ಟೆಯನ್ನು ಹರಳೆಣ್ಣೆಯಲ್ಲಿ ಉರಿಸಿ ಕಾಡಿಗೆ ಹಿಡಿದು ಹಚ್ಚಿದರೆ ಕಣ್ಣು ತಾನಾಗಿ ಬೆಳೆಯುತ್ತದೆ — ಇದು ನನ್ನ ವೈದ್ಯ. ಗಿರಿಜೆ ಕೇಳಿದಾಗ ಹೇಳಿಬಿಟ್ಟೆ:

"ಕಣ್ಣು ಚೆನ್ನಾಗವೆ ಅಂದ್ರು ಕಣೇ. ಏನೂ ತೋರ್ಸ್ಬೇಕಾಗಿಲ್ಲ."

ಅವಳು ನಂಬಿದಳು. ಹೆತ್ತವಳ ಮಾತನ್ನು ನಂಬದೆ ಇನ್ನು ಯಾರ ಮಾತನ್ನು...

ಕೆಲವು ವಾರ ಕಳೆದ ಮೇಲೆ, ಮತ್ತೆ ಕಾಡಿಗೆ ಹಿಡಿಯಬೇಕೆಂದು ದೇವರಾಜ ಮಾರುಕಟ್ಟೆಗೆ ಹರಳೆಣ್ಣೆ ತರಲು ಹೋಗಿದ್ದೆ. ಅಲ್ಲಿ, ನಿನ್ನ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿದ್ದ ಮಗುವಿನ ತಾಯಿ ಸಿಕ್ಕಳು. "ನಮ್ ಹುಡುಗನ್ಗೆ ಕಣ್ಣು ಹೋಗೋದಿತ್ತಂತೆ ಕಣಮ್ಮ. ಬೆಂಗ್ಳೂರಲ್ಲಿ ಲೇಸರ್ ಮಾಡ್ಸ್ಕೊಂಡ್ ಬಂದ್ಬುಟ್ಟೊ. ನಿಮ್ದಕ್ಕೆ ತೋರ್ಸುದ್ರಾ?"

ಎಣ್ಣೆಯ ಸೀಸೆಯನ್ನು ಅಂಗಡಿಯಲ್ಲೇ ಬಿಟ್ಟು ಮನೆಗೆ ಓಡಿ, ನಿನ್ನನ್ನು ಎತ್ತಿಕೊಂಡು ಬಸ್ಸು ಹತ್ತಿದೆ. ಬೆಂಗಳೂರಿನಲ್ಲಿ ನಿನ್ನ ಬಲಗಣ್ಣನ್ನು ಉಳಿಸಿದರು. ಎಡಗಣ್ಣನ್ನು ನೋಡಿ, "ಸ್ವಲ್ಪ ಮುಂಚೆ ಬಂದಿದ್ರೆ ಇದೂ ಉಳೀತಿತ್ತು" ಎಂದರು. ಆಗಲಾದರೂ ನಿಜ ಹೇಳಿದೆನೇ? ಇಲ್ಲ. "ಆ ಡಾಕ್ಟರಮ್ಮನೇ ಕಣ್ಣು ಚೆನ್ನಾಗವೆ, ತೋರ್ಸೋದ್ ಬೇಡ ಅಂದಿದ್ಳು" ಎಂದೆ. ಗಿರಿಜೆ ಇವತ್ತಿಗೂ ಆ ಡಾಕ್ಟರಮ್ಮನನ್ನು ಶಪಿಸುತ್ತಾಳೆ. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತೇನೆ.

ನಿನ್ನೆ ಬಾಲ್ ಬ್ಯಾಡ್ಮಿಂಟನ್ ಫೈನಲ್‌ನಲ್ಲಿ ಎದುರು ಶಾಲೆಯ ಹುಡುಗಿಯರಿಗೆ ಗುಟ್ಟು ತಿಳಿದುಹೋಯಿತು. "ಎಡಗಡೆ ಹೊಡೀರೇ, ಅವಳಿಗೆ ಆ ಕಡೆ ಕಾಣ್ಸಲ್ಲ!" ಎಂದು ಕೂಗಿದರು. ನನ್ನ ಎದೆ ಒಡೆದೇ ಹೋಯಿತು. ಆ ಹಳದಿ ಉಲ್ಲನ್ ಚೆಂಡು ಮತ್ತೆ ಮತ್ತೆ ನಿನ್ನ ಎಡಕ್ಕೇ ಬಂತು. ಒಂದು ಹೋಯಿತು, ಇನ್ನೊಂದು ಹೋಯಿತು — ಆಮೇಲೆ ನೀನು ನಿಲ್ಲುವ ರೀತಿಯನ್ನೇ ಬದಲಿಸಿದೆ. ಬಲಗಣ್ಣು ಮುಂದಾಗುವಂತೆ ಮೈ ತಿರುಗಿಸಿ, ಎಡಕ್ಕೆ ಬರಲೆಂದೇ ಕಾದು ನಿಂತೆ. ಬಂದದ್ದನ್ನೆಲ್ಲ ಬಾರಿಸಿದೆ! ಕೊನೆಯ ಪಾಯಿಂಟು ಬಿದ್ದಾಗ ಈ ಮುದುಕಿ ಬೆಂಚಿನ ಮೇಲೆ ಹತ್ತಿ ಕುಣಿದದ್ದನ್ನು ಮೈದಾನವೆಲ್ಲ ನೋಡಿತು. ನನ್ನ ಜನ್ಮದಲ್ಲಿ ಅಂಥ ಸಂತೋಷ ಕಂಡಿರಲಿಲ್ಲ, ಮಗಳೇ.

ಆಟಕ್ಕೆ ಮುಂಚೆ ನನ್ನಿಂದ ಕಾಡಿಗೆ ಹಚ್ಚಿಸಿಕೊಂಡಿದ್ದ ನೀನು ಆಗ ಓಡಿಬಂದು ಹೇಳಿದೆ: "ನಿನ್ ಕಾಡಿಗೆಯಿಂದ್ಲೇ ಗೆದ್ದಿದ್ದು ಕಣಜ್ಜಿ!"

ಇಲ್ಲ ಕಣೇ. ನನ್ನ ಕಾಡಿಗೆಯನ್ನೂ, ನನ್ನ ಸುಳ್ಳನ್ನೂ ಸೋಲಿಸಿ ಗೆದ್ದವಳು ನೀನು. ಅಮ್ಮ ಅಡುಗೆಮನೆಯಲ್ಲಿದ್ದಾಳೆ, ಕರೆ. ಇದನ್ನು ಅವಳಿಗೂ ಹೇಳಬೇಕು. ಹೇಳಿದ ಮೇಲೆ, ಆ ಡಾಕ್ಟರಮ್ಮ ಎಲ್ಲಿದ್ದರೂ ಹುಡುಕಿಕೊಂಡು ಹೋಗಿ ಕೈಮುಗಿಯಬೇಕು. ನೀನೂ ಬಾ — ಕಪ್ಪನ್ನು ನೀನೇ ಹಿಡಿದುಕೋ.