ವಾರಕ್ಕೆ ಅರ್ಧ ಸುತ್ತು

ಸ್ಕಂದಗಿರಿಯ ನೆತ್ತಿ ಇನ್ನೂ ಮಂಜಿನೊಳಗೇ ಇದೆ. ಬೆಟ್ಟದ ದಾರಿಯ ತಿರುವಿನಲ್ಲಿ ಮಂಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ ಕಾರಿನ ಟೈರಿಗೆ ಅಂಗೈ ಒತ್ತುತ್ತಾರೆ. ಚಿಂತಾಮಣಿಯಿಂದ ಒಂದೇ ಉಸಿರಿಗೆ ಓಡಿಬಂದ ಗಾಡಿ. ಟೈರು ಬಿಸಿಯಾಗಿದೆ.

"ಈಗ ಅಳೆದ್ರೆ ಗಾಳಿ ಜಾಸ್ತಿ ತೋರಿಸ್ತದೆ ಕಣಪ್ಪಾ. ಜಾಸ್ತಿ ಆಯ್ತು ಅಂತ ನೀನು ಬಿಟ್ಬಿಡ್ತೀಯಾ. ಆರಿದ್ಮೇಲೆ ನೋಡಿದ್ರೆ ಟೈರು ಸೊರಗಿರ್ತದೆ. ಕೂತ್ಕೊ, ಟೀ ಕುಡಿ."

ಟೀ ಕಾಯಿಸುವವರು ಪತಿ ಮುನಿನಾರಾಯಣಪ್ಪ. ಈ ಪಂಚರ್ ಅಂಗಡಿ ಮೊದಲು ಅವರದೇ. ಮೊಣಕಾಲು ಕೈಕೊಟ್ಟ ಮೇಲೆ ಜಾಕಿ, ಗಾಳಿಯಂತ್ರ ಮಂಗಮ್ಮನ ಪಾಲಿಗೆ ಬಂದವು, ಸ್ಟೌ ಅವರ ಪಾಲಿಗೆ. ಹೆಂಗಸು ಚಕ್ರ ಬಿಚ್ಚುವುದನ್ನು ಕಂಡು ಗಾಡಿ ನಿಲ್ಲಿಸದೇ ಹೋದವರು ಶುರುವಿನಲ್ಲಿ ಎಷ್ಟೋ ಮಂದಿ. ನಿಲ್ಲಿಸಿದವರೂ "ಅಣ್ಣ ಇಲ್ವಾ?" ಎಂದೇ ಕೇಳುತ್ತಿದ್ದರು.

"ಅವ್ರೆ, ಒಳಗೆ ಟೀ ಕಾಯಿಸ್ತಾವ್ರೆ. ಟೀ ಬೇಕಾದ್ರೆ ಅವ್ರನ್ನ ಕೇಳಿ, ಟೈರಾದ್ರೆ ನನ್ನ ಕೇಳಿ" ಎಂಬ ಮಂಗಮ್ಮನ ಉತ್ತರ ಈಗ ದಾರಿಯುದ್ದಕ್ಕೂ ಮನೆಮಾತು.

ದಿನಕ್ಕೆ ಮೂವತ್ತು ನಲವತ್ತು ಗಾಡಿ ಬರುತ್ತವೆ. ಶನಿವಾರ, ಭಾನುವಾರ ಬೆಟ್ಟ ಹತ್ತುವವರದೇ ಸಂತೆ. ಹೂವಿನ ವ್ಯಾಪಾರಿ ಬಯ್ಯಪ್ಪ ನಗುತ್ತಾರೆ: "ಈಯಮ್ಮ ಸುಮ್ನೆ ಗಾಳಿ ಹಾಕಲ್ಲ ಸಾರ್. ಎಲ್ಲಿಗೆ ಹೋಗ್ತೀಯಾ, ಎಷ್ಟು ಜನ, ಏನು ಲೋಡು ಅಂತ ಹೆಣ್ಣು ನೋಡೋಕೆ ಬಂದೋರಂಗೆ ವಿಚಾರಿಸ್ತಾರೆ."

ಅಂಗಡಿಯ ಪಕ್ಕ ಹೊಂಗೆ ಮರದಡಿ ಒಂದು ಹಳೆಯ ವ್ಯಾನು. ಮುನಿನಾರಾಯಣಪ್ಪನ ಕಾಲು ಕ್ಲಚ್ ತುಳಿಯಲು ಒಲ್ಲೆ ಎಂದ ದಿನದಿಂದ ಅದು ಅಲ್ಲೇ ನಿಂತಿದೆ. ಆದರೆ ಮಂಗಮ್ಮ ಅದನ್ನು ಸೊರಗಲು ಬಿಟ್ಟಿಲ್ಲ. ಪ್ರತಿ ಸೋಮವಾರ ಎಂಜಿನ್ನನ್ನು ಒಂದಿಷ್ಟು ಹೊತ್ತು ಚಾಲೂ ಮಾಡಿ, ನಾಲ್ಕೂ ಟೈರಿಗೆ ಗಾಳಿ ನೋಡುತ್ತಾರೆ. ಆಮೇಲೆ ಹಿಂದಿನಿಂದ ತಳ್ಳಿ ಚಕ್ರಗಳನ್ನು ಅರ್ಧ ಸುತ್ತು ಉರುಳಿಸುತ್ತಾರೆ, ಒಂದು ವಾರ ಮುಂದಕ್ಕೆ, ಮರುವಾರ ಹಿಂದಕ್ಕೆ. ಒಂದೇ ಕಡೆ ಭಾರ ಹೊತ್ತು ನಿಂತರೆ ಟೈರು ಚಪ್ಪಟೆಯಾಗುತ್ತದೆ. ಉರುಳಿದ ಚಕ್ರಕ್ಕೆ ಕಲ್ಲು ಒತ್ತುಕೊಡುವುದು ಗಂಡನ ಕೆಲಸ.

ಓಡದ ಗಾಡಿಗೆ ಇಷ್ಟೊಂದು ಉಪಚಾರ ಯಾಕೆ? "ಮುದ್ದೇನಹಳ್ಳಿ ದಾರೀಲಿ ಪಂಚರ್ ಆಗೈತೆ, ಮಕ್ಳು ಮರಿ ಕಟ್ಕೊಂಡು ನಿಂತಿದೀವಿ ಅಂತ ಫೋನು ಬರ್ತದೆ. ಹೆಂಗೆ ಹೋಗ್ಲಿ? ಕೈ ಕೈ ಹಿಸುಕ್ಕೊಂಡು ಕೂತ್ಕೋಬೇಕು" ಎನ್ನುತ್ತಾರೆ ಮಂಗಮ್ಮ. ಜಾಕಿ, ಪಂಪು ಹೇರಿಕೊಂಡು ಈ ವ್ಯಾನಿನಲ್ಲಿ ತಾವೇ ಹೋಗಬೇಕೆಂಬುದು ಅವರ ಹಟ. ಅದಕ್ಕೆ ಬೇಕಾದದ್ದು ಲೈಸೆನ್ಸು.

ಡ್ರೈವಿಂಗ್ ಕಲಿಸುವ ಮುರಳಿಮೋಹನ್‌ಗೆ ಈ ಶಿಷ್ಯೆಯ ಮೇಲೆ ಬಲು ನಂಬಿಕೆ. ಆದರೂ ಮೊದಲ ಟೆಸ್ಟಿನಲ್ಲಿ ಮಂಗಮ್ಮ ಫೇಲಾದರು. ಹಿಂದಿನ ಎಡ ಚಕ್ರ ಯಾಕೋ ಎಳೆಯಿತು. ಅಷ್ಟೇ, ನಡುಮೈದಾನದಲ್ಲಿ ಗಾಡಿ ನಿಲ್ಲಿಸಿ, ಹೇಳದೆ ಕೇಳದೆ ಇಳಿದು, ಟೈರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತುಬಿಟ್ಟರು.

"ಯಾಕಮ್ಮಾ ಇಳಿದ್ರಿ?" ಎಂದು ಪರೀಕ್ಷೆಯ ಅಧಿಕಾರಿ ಗಾಬರಿಯಾದರು.

"ಗಾಳಿ ಕಮ್ಮಿ ಐತೆ ಸಾರ್."

ಗಾಳಿ ಕಮ್ಮಿಯಿದ್ದದ್ದು ನಿಜ. ಆದರೆ ಟೆಸ್ಟು ಮುಗಿದಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಮುನಿನಾರಾಯಣಪ್ಪ ವಾರವಿಡೀ ಹೆಂಡತಿಯನ್ನು ಆಡಿಕೊಂಡರು.

ಎರಡನೇ ಟೆಸ್ಟಿನ ದಿನ ಮುರಳಿಮೋಹನ್‌ರ ಕಾರು ಮೊದಲು ಮಂಗಮ್ಮನ ಅಂಗಡಿಗೇ ಬರುತ್ತದೆ. ಟೈರು ಆರುವವರೆಗೆ ಕಾದು, ನಾಲ್ಕಕ್ಕೂ ಮಂಗಮ್ಮನೇ ಗಾಳಿ ಹಾಕುತ್ತಾರೆ. ಇನ್ನು ಇಳಿಯಲು ನೆವವಿಲ್ಲ. ಮೈದಾನದಲ್ಲಿ ತಿರುವು ಮುಗಿದು ರಿವರ್ಸ್ ಶುರುವಾಗುತ್ತದೆ. ಅಷ್ಟರಲ್ಲಿ ಬೇಲಿಯ ಪಕ್ಕ ನಿಂತ ಯಾರದೋ ಕಾರಿನಿಂದ ಸುಯ್ ಎಂಬ ಸದ್ದು. ಮಂಗಮ್ಮನ ಕೈ ಬಾಗಿಲ ಹಿಡಿಕೆಗೆ ಹೋಗಿಯೇಬಿಡುತ್ತದೆ. ದೂರದಲ್ಲಿ ನಿಂತ ಗಂಡ ಕತ್ತು ಚಾಚಿ ನೋಡುತ್ತಾರೆ. ಕೈ ಮೆಲ್ಲಗೆ ಸ್ಟೀರಿಂಗಿಗೆ ಮರಳುತ್ತದೆ.

ಪಾಸ್ ಎಂದದ್ದೇ ತಡ, ಮಂಗಮ್ಮ ಇಳಿದು ಬೇಲಿಯ ಕಡೆ ಓಡುತ್ತಾರೆ. "ಯಾರ್ದಪ್ಪಾ ಈ ಗಾಡಿ? ಗಾಳಿ ಹೋಗ್ತೈತೆ ನೋಡ್ಬಾರ್ದಾ!" ಮುನಿನಾರಾಯಣಪ್ಪ ನಗುತ್ತಾ ಕಣ್ಣೊರೆಸಿಕೊಳ್ಳುತ್ತಾರೆ.

ಲೈಸೆನ್ಸ್ ಕಾರ್ಡು ಕೈಸೇರಿದ ಮರುದಿನ ಬೆಳಗಾಗುವಷ್ಟರಲ್ಲಿ ಮುದ್ದೇನಹಳ್ಳಿ ದಾರಿಯಿಂದ ಫೋನು. "ಅಲ್ಲೇ ಇರ್ರಪ್ಪಾ, ಬಂದೆ" ಎನ್ನುವ ಮಂಗಮ್ಮನ ದನಿಯಲ್ಲಿ ಸಂಭ್ರಮ ಅಡಗುವುದಿಲ್ಲ. ಜಾಕಿ, ಪಂಪು, ಟೀ ಫ್ಲಾಸ್ಕು ಎಲ್ಲ ವ್ಯಾನು ಸೇರುತ್ತವೆ. ಗಂಡ ಚಕ್ರದಡಿಯ ಕಲ್ಲು ತೆಗೆದು, ಅಭ್ಯಾಸಬಲದಿಂದ ಅದನ್ನು ಕೈಯಲ್ಲೇ ಹಿಡಿದು ನಿಲ್ಲುತ್ತಾರೆ.

"ಇದನ್ನ ಎಲ್ಲಿಡ್ಲಿ ಕಣೇ?"

"ಅತ್ಲಾಗೆ ಬಿಸಾಕಿ ಹತ್ಕೊಳ್ರಿ" ಎನ್ನುತ್ತಾರೆ ಮಂಗಮ್ಮ, ಗೇರು ಹಾಕುತ್ತಾ. "ಇನ್ಮೇಲೆ ಅದ್ಕೇನು ಕೆಲ್ಸ?"